ಮಂಗಳದ ರಾಣಿಯ ಕೆಮ್ಮು

ಬ್ಯಾಡಗಿಯ ರೋಷನಬಿ ಒಂದು ಹಾಡಿನ ಸಾಲನ್ನು ಫೆಬ್ರುವರಿಯಲ್ಲಿ ಒಂದೇ ಉಸಿರಿಗೆ ಹದಿನಾಲ್ಕು ಸೆಕೆಂಡು ಹಾಡಿದ್ದರು. ಅದೇ ಸಾಲನ್ನು ಜುಲೈಯಲ್ಲಿ ಮತ್ತೆ ಹಾಡಿಸಿದಾಗ ಒಂಬತ್ತನೆಯ ಸೆಕೆಂಡಿಗೆ ಉಸಿರು ಮುಗಿಯಿತು. ಎರಡೂ ಸಂಖ್ಯೆಗಳನ್ನು ಬರೆದಿಟ್ಟವನು ನಾನೇ. ಒಂದೇ ನೋಟ್‌ಬುಕ್ಕಿನ ಒಂದೇ ಪುಟದಲ್ಲಿ, ಒಂದರ ಕೆಳಗೊಂದು. ಮೋಟೆಬೆನ್ನೂರಿನ ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸುವವನು ನಾನು. ಆದರೂ ಆ ಐದು ಸೆಕೆಂಡು ಎಲ್ಲಿ ಹೋದವೆಂದು ಕೇಳಿಕೊಳ್ಳಲಿಲ್ಲ. ‘ಎರಡನೆಯದು ಸರಿ ಬಂದಿಲ್ಲ, ಮೊದಲನೆಯದೇ ಇರಲಿ’ ಎಂದು ಬದಿಯಲ್ಲಿ ಬರೆದು ಪುಟ ತಿರುವಿದೆ.

ರೋಷನಬಿಯ ತವರು ಹೊಸರಿತ್ತಿ. ಹದಿನೆಂಟನೆಯ ವಯಸ್ಸಿಗೆ ಮದುವೆಯಾಗಿ ಬ್ಯಾಡಗಿಗೆ ಬಂದರು. ಗಂಡ ದಾದಾಸಾಬ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಚೀಲ ಹೊರುವ ಹಮಾಲ. ಮದುವೆಯಾದ ಮರುವರ್ಷವೇ ರೋಷನಬಿ ತುಂಬು ಬಿಡಿಸುವ ಕೆಲಸಕ್ಕೆ ಸೇರಿದರು. ಒಣಮೆಣಸಿನಕಾಯಿಯ ತೊಟ್ಟಿಗೆ ಇಲ್ಲಿ ತುಂಬು ಎನ್ನುತ್ತಾರೆ. ರಾಶಿಯ ಮುಂದೆ ಕೂತು, ಬಲಗೈ ಹೆಬ್ಬೆರಳಿನ ಉಗುರಿನಿಂದ ಒಂದೊಂದೇ ತುಂಬು ಮುರಿದು ಕಾಯಿಯನ್ನು ಅತ್ತ, ತುಂಬನ್ನು ಇತ್ತ ಹಾಕುತ್ತ ಮೂವತ್ತೈದು ವರ್ಷ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿದರೆ, ಬೀಜದ ಸದ್ದಿನ ಮೇಲೆ ಅದು ಈ ವರ್ಷದ್ದೋ ಹೋದ ವರ್ಷದ್ದೋ ಹೇಳುತ್ತಿದ್ದರು. ಮಗಳು ಜರೀನಾ ಚಿಕ್ಕವಳಿದ್ದಾಗ ಅವಳ ಮುಖವನ್ನು ಎಂದೂ ಬಲಗೈಯಿಂದ ಮುಟ್ಟಿದವರಲ್ಲ. ಎಷ್ಟು ತೊಳೆದರೂ ಆ ಕೈಯ ಖಾರ ಹೋಗುವುದಿಲ್ಲ. ಕಣ್ಣೀರು ಒರೆಸುವುದು, ಗಲ್ಲ ಸವರುವುದು, ಎಲ್ಲ ಎಡಗೈಯಲ್ಲಿ.

ಅವರ ಶೆಡ್ಡಿನಲ್ಲಿ ಇಪ್ಪತ್ತೆರಡು ಜನ ಹೆಂಗಸರು. ಒಂದು ಮೂಲೆಯಲ್ಲಿ ದೂಳು ಹಾರಿಸುವ ಜರಡಿ ಯಂತ್ರ ದಿನವಿಡೀ ಗುಡುಗುತ್ತಿರುತ್ತದೆ. ಹೊಸಬರು ಒಳಗೆ ಕಾಲಿಟ್ಟರೆ ಹತ್ತು ನಿಮಿಷದಲ್ಲಿ ಕಣ್ಣುಮೂಗು ಒರೆಸಿಕೊಳ್ಳುತ್ತ ಹೊರಗೆ ಓಡುತ್ತಾರೆ. ಒಳಗಿನವರಿಗೆ ಘಾಟು ಗೊತ್ತಾಗುವುದಿಲ್ಲ. ಕೆಮ್ಮುತ್ತಾರೆ, ಆದರೆ ಕೆಮ್ಮಿದ್ದೇ ಗೊತ್ತಾಗುವುದಿಲ್ಲ.

ಗೊತ್ತಾದರೂ ಅದು ಚೇಷ್ಟೆಯ ವಿಷಯ. ಕೆಮ್ಮುಗಳಿಗೆ ಅಲ್ಲಿ ಗಾಡಿಗಳ ಹೆಸರು. ಸಣ್ಣದಾಗಿ ಒಣಗಿದ ಕೆಮ್ಮು ಲೂನಾ. ಎರಡೆರಡು ಸಲ ಬಡಿದು ನಿಲ್ಲುವುದು ಮೂರು ಗಾಲಿಯ ಟಂಟಂ. ಎದೆಯ ತಳದಿಂದ ಎದ್ದು, ಏರು ಹತ್ತಲಾರದೆ ಗೊರಗೊರ ಎಂದು ನಡುವೆಯೇ ನಿಂತುಬಿಡುವುದು ಲಾರಿ. ಯಾರಾದರೂ ಕೆಮ್ಮಿದರೆ ಸಾಕು, “ಟಂಟಂ ಬಂತವಾ, ದಾರಿ ಬಿಡ್ರಿ” ಎಂದು ಯಾರೋ ಕೂಗುತ್ತಿದ್ದರು, ಕೆಮ್ಮಿದವಳೂ ನಗುತ್ತಿದ್ದಳು. ರೋಷನಬಿಯದು ಟಂಟಂ. ಲಾರಿ ಇದ್ದದ್ದು ಒಬ್ಬಳದೇ, ಫಕ್ಕೀರವ್ವನದು. ಆರು ವರ್ಷ ರೋಷನಬಿಯ ಪಕ್ಕದಲ್ಲೇ, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತು ತುಂಬು ಬಿಡಿಸಿದವಳು. ಹಿಂದಿನ ದೀಪಾವಳಿ ಆದಮೇಲೆ ಅವಳು ಕೆಲಸಕ್ಕೆ ಬರುವುದು ನಿಂತಿತು. ಸಂಕ್ರಾಂತಿಗೆ ಮುಂಚೆಯೇ ತೀರಿಕೊಂಡಳು. ಘಾಟು ಎದೆಗೆ ಇಳಿದಿತ್ತು ಎಂದರು, ಮಣ್ಣು ಮಾಡಿದರು. ಆಮೇಲೆ ಶೆಡ್ಡಿನಲ್ಲಿ ಲಾರಿ ಎಂಬ ಮಾತನ್ನು ಯಾರೂ ಎತ್ತಲಿಲ್ಲ.

ಸಿನೆಮಾದ ವಿಚಾರ ಬಂದದ್ದು ಅದರ ಮುಂದಿನ ತಿಂಗಳು. ಹಲಗೇರಿಯ ಶಶಿಕಾಂತ ರಾಣೇಬೆನ್ನೂರಿನಲ್ಲಿ ಮದುವೆ ವಿಡಿಯೊ ತೆಗೆಯುವ ಸ್ಟುಡಿಯೊ ಇಟ್ಟುಕೊಂಡಿದ್ದಾನೆ. ಕಾಲೇಜಿನಲ್ಲಿ ನನಗಿಂತ ಎರಡು ವರ್ಷ ಚಿಕ್ಕವನು. ಅದೇ ಮದುವೆ ಕ್ಯಾಮೆರಾದಲ್ಲಿ ‘ಮಂಗಳದ ಮೆಣಸಿನಕಾಯಿ’ ಎಂಬ ಸಿನೆಮಾ ಮಾಡಲು ಹೊರಟಿದ್ದ. ಮಂಗಳ ಗ್ರಹದ ಕೆಂಪು ಬಣ್ಣ ಮಾಸುತ್ತಿದೆ, ಬಣ್ಣ ಒಯ್ಯಲು ಅಲ್ಲಿಯ ರಾಣಿ ಬ್ಯಾಡಗಿಗೆ ಇಳಿಯುತ್ತಾಳೆ: ಅಷ್ಟೇ ಕಥೆ. ಜರಡಿ ಯಂತ್ರದ ಡ್ರಮ್ಮೇ ಆಕಾಶನೌಕೆ. ರಾಣಿಗೆ ಗೋಣಿಚೀಲದ ನಿಲುವಂಗಿ, ತಲೆಗೆ ಬೋಗುಣಿ. ಡೊಳ್ಳಿನ ತಾಳಕ್ಕೆ ಏಳು ಹಾಡು. ಧ್ವನಿ ಹಿಡಿಯುವ ಯಂತ್ರ ನನ್ನ ಹತ್ತಿರ ಇದ್ದುದರಿಂದ ಆ ಕೆಲಸ ನನ್ನದಾಯಿತು.

ರಾಣಿಯ ಹಾಡಿಗೆ ದನಿ ಹುಡುಕುತ್ತ ನಾವು ಆ ಶೆಡ್ಡಿಗೆ ಹೋದೆವು. ರೋಷನಬಿ ತಲೆಯೆತ್ತದೆ, ಕೈ ನಿಲ್ಲಿಸದೆ ಹಾಡಿದರು:

“ಕೆಂಪಾನ ಕಾಯಿ ಕೆದರೇನ ತಂಗಿ, ಕಣ್ಣಾಗ ನೀರಿಲ್ಲ, ಕೈಯಾಗ ಉರಿಯಿಲ್ಲ, ಬಿಸಲಿಗೇ ನಮ್ಮ ಭಯ ತಂಗಿ...”

ಹದಿನಾಲ್ಕು ಸೆಕೆಂಡು. ಮುಗಿದ ಕೂಡಲೇ ಎರಡು ಸಲ ಕೆಮ್ಮಿದರು. ಶಶಿಕಾಂತ ಕುಣಿದುಬಿಟ್ಟ.

“ಚಾಚಿ, ಇನ್ನೊಮ್ಮೆ ಕೆಮ್ರಿ!”

“ಕೆಮ್ಮಂದ್ರ ಬರ್ತೈತೇನೋ? ಬಸ್ಸೇನು ಅದು, ಕೈ ಮಾಡಿದ್ರ ನಿಂದ್ರಾಕ?”

ಶಶಿಕಾಂತನಿಗೆ ಹೊಳೆದದ್ದು ಇದು: ಮಂಗಳದವರ ಭಾಷೆಯೇ ಕೆಮ್ಮು. ರಾಣಿ ಕೆಮ್ಮುತ್ತಾಳೆ, ಅದರ ಅರ್ಥ ಪರದೆಯ ಮೇಲೆ ಅಕ್ಷರದಲ್ಲಿ ಬರುತ್ತದೆ. ಉದ್ದ ಕೆಮ್ಮಿಗೆ ‘ಹೂಂ’ ಎಂದಷ್ಟೇ. ಸಣ್ಣ ಕೆಮ್ಮಿಗೆ ನಾಲ್ಕು ಸಾಲಿನ ಭಾಷಣ.

ಆ ದಿನ ಕೆಮ್ಮಿಗಾಗಿ ಮುಕ್ಕಾಲು ಗಂಟೆ ಕಾದೆವು. ಸಿಕ್ಕದ್ದು ಎರಡೇ. ಜರಡಿಯ ಸದ್ದು ಸೇರಿ ಅವೂ ಕೆಟ್ಟಿದ್ದವು. ಉಳಿದದ್ದನ್ನು ಜುಲೈಯಲ್ಲಿ ನನ್ನ ಶಾಲೆಯ ಒಂದು ಕೋಣೆಯಲ್ಲಿ, ಕಿಟಕಿ ಬಾಗಿಲು ಮುಚ್ಚಿ ಹಿಡಿದೆವು. ಚಾವಣಿಯ ರಿಪೇರಿಗೆಂದು ಶೆಡ್ ಮುಚ್ಚಿ ಹದಿನೇಳು ದಿನವಾಗಿತ್ತು. ಹೊರಗೆ ಜಿಟಿಜಿಟಿ ಮಳೆ. ಮೈಲು ದೂರದವರೆಗೆ ಮೆಣಸಿನಕಾಯಿಯ ದೂಳಿಲ್ಲ. ರೋಷನಬಿ ಕುರ್ಚಿಯ ಮೇಲೆ ಕೂತು ಹತ್ತು ಸಲ ಕೆಮ್ಮಿದರು. ಈ ಸಲ ಕಾಯಬೇಕಾಗಲಿಲ್ಲ.

“ಈ ಟೇಲರ್ ಕಳ್ಳ ನೋಡ್ರಿ ಮಾಸ್ತರ, ಕುಪ್ಪಸ ಢಿಲ್ಲ ಹೊಲದಾನ,” ಎಂದು ತೋಳು ಎತ್ತಿ ತೋರಿಸಿದರು. ಕುಪ್ಪಸ ಎರಡು ವರ್ಷ ಹಳೆಯದು. ಹೊರಡುವ ಹೊತ್ತಿಗೆ ಸಂಜೆಯಾಗಿತ್ತು. ಮೈ ಬೆಚ್ಚಗಾಗುತ್ತಿದೆ ಎಂದು ಸೆರಗು ಹೊದ್ದುಕೊಂಡರು. ನಾನು ಹತ್ತು ಕೆಮ್ಮುಗಳಿಗೂ ನಂಬರು ಕೊಟ್ಟೆ, ದಿನಾಂಕ ಬರೆದೆ, ಹಿನ್ನೆಲೆಯ ಮಳೆಯ ಸದ್ದನ್ನೂ ತೆಗೆದು ಒಂದೊಂದನ್ನೇ ಶುದ್ಧ ಮಾಡಿದೆ. ಹತ್ತನೆಯದರ ಮುಂದೆ ‘ಬಹಳ ಚೆನ್ನಾಗಿದೆ’ ಎಂದು ಬರೆದೆ.

ಸೆಪ್ಟೆಂಬರಿನಲ್ಲಿ ರಾಣೇಬೆನ್ನೂರಿನ ಒಂದು ಟಾಕೀಜಿನಲ್ಲಿ ಬೆಳಗಿನ ಆಟಕ್ಕೆ ಸಿನೆಮಾ ಬಂತು. ಜನ ನಕ್ಕರು; ಕುರ್ಚಿ ಬಡಿದು ನಕ್ಕರು. ವಾರದೊಳಗೆ ರಾಣಿಯ ಕೆಮ್ಮು ಊರಿನ ಫೋನುಗಳಲ್ಲೆಲ್ಲ ಇತ್ತು. ಬಸ್‌ಸ್ಟ್ಯಾಂಡಿನಲ್ಲಿ ಹೋಗುವಾಗ ಬೆನ್ನ ಹಿಂದೆ ಯಾರೋ ಅದನ್ನು ಅನುಕರಿಸುವುದು ಕೇಳುತ್ತಿತ್ತು. ಏರು ಹತ್ತುವ ಸದ್ದು, ಗೊರಗೊರ, ಆಮೇಲೆ ನಿಲುಗಡೆ. ಹಗಲಿನಲ್ಲೂ ಒಂದೆರಡು ಸಲ ಬೆಚ್ಚಿ ತಿರುಗಿ ನೋಡಿದ್ದೇನೆ. ಏಕೆಂದು ಆಗ ಗೊತ್ತಿರಲಿಲ್ಲ.

ಹಾವೇರಿಯ ಆಟದಲ್ಲಿ ಜನ ಎರಡು ಪಾಲಾದರು. ನೂರಾ ನಲವತ್ತು ಜನರಲ್ಲಿ ಐವತ್ತೊಂದು ಮಂದಿ ಅರ್ಧಕ್ಕೇ ಎದ್ದುಹೋದರು. ಬಾಗಿಲ ಬಳಿ ನಿಂತು ನಾನು ಕಾರಣ ಕೇಳಿ ಬರೆದುಕೊಂಡೆ. ಹೊರಗಿನ ಚಹಾದ ಅಂಗಡಿಯಲ್ಲಿ ಇಬ್ಬರು ಗೆಳೆಯರಿಗೆ ಜಗಳವೇ ಹತ್ತಿತ್ತು.

“ಕೆಮ್ಮು ಕೇಳಾಕ ಟಿಕೇಟ ಯಾಕ ತಗೀಬೇಕಲೇ? ದವಾಖಾನಿ ಮುಂದ ನಿಂತ್ರ ಪುಕ್ಕಟ ಕೇಳತೈತಿ.”

“ನಿನಗ ನಗೂ ನರಾನ ಇಲ್ಲೋ ಮಾರಾಯ. ನನಗ ಹೊಟ್ಟಿ ಹುಣ್ಣಾಗೈತಿ ನೋಡು.”

ಕೆಲವರು ಬೋಗುಣಿಯ ಕಿರೀಟ ಹಿಡಿಸಲಿಲ್ಲ ಎಂದರು, ಕೆಲವರು ಹಾಡು ಹೆಚ್ಚಾಯಿತು ಎಂದರು. ಒಬ್ಬ ಹೆಂಗಸು ಮಾತ್ರ ಮೆಟ್ಟಿಲ ಮೇಲೆ ನಿಂತು, ಕಿವಿಯ ಮೇಲೆ ಕೈಯಿಟ್ಟುಕೊಂಡೇ, “ಆ ಕೆಮ್ಮು ಕೇಳಾಕ ಆಗವಲ್ದ್ರಿ ನನಗ” ಎಂದಳು. ಪಟ್ಟಿಯಲ್ಲಿ ಅವಳ ಎದುರು ನಾನು ಬರೆದ ಕಾರಣ: ‘ಧ್ವನಿ ಜಾಸ್ತಿ’.

ಬ್ಯಾಡಗಿಯ ಆಟ ಅಕ್ಟೋಬರಿನ ಒಂದು ಭಾನುವಾರ ಮಧ್ಯಾಹ್ನ, ಮದುವೆಯ ಹಾಲ್ ಒಂದರಲ್ಲಿ. ಎಡಗಡೆ ಗಂಡಸರು, ಬಲಗಡೆ ಹೆಂಗಸರು. ಬಲಗಡೆಯ ಮೊದಲ ಮೂರು ಸಾಲಿನಲ್ಲಿ ಶೆಡ್ಡಿನವರೆಲ್ಲ ಬಂದು ಕೂತಿದ್ದರು, ಹಬ್ಬದ ಸೀರೆ ಉಟ್ಟು. ನಡುವೆ ರೋಷನಬಿ. ಒಂದು ಪಕ್ಕಕ್ಕೆ ಶೆಡ್ಡಿನಲ್ಲಿ ಎಲ್ಲರಿಗಿಂತ ಹಿರಿಯಳಾದ ಮುದುಕವ್ವ, ಇನ್ನೊಂದು ಪಕ್ಕಕ್ಕೆ ಮೊದಲ ಹೆರಿಗೆಗೆಂದು ತವರಿಗೆ ಬಂದಿದ್ದ ಜರೀನಾ. ಅವಳಿಗೆ ಏಳು ತಿಂಗಳು. ಮಗಳ ಹೊಟ್ಟೆಯ ಮೇಲೆ ಎಡಗೈ ಇಟ್ಟುಕೊಂಡು ರೋಷನಬಿ ಪರದೆ ನೋಡುತ್ತಿದ್ದರು.

ಮೊದಲ ಒಂದು ಗಂಟೆ ಎಲ್ಲ ಒಟ್ಟಿಗೇ ನಕ್ಕರು. ಪರದೆಯ ಮೇಲೆ ತಮ್ಮ ಶೆಡ್ಡು, ತಮ್ಮ ಜರಡಿ ಕಂಡಾಗ ಹೆಂಗಸರು ಸೀಟಿ ಹೊಡೆಯದೆ ಉಳಿದದ್ದೇ ಹೆಚ್ಚು. ಸಣ್ಣ ಕೆಮ್ಮುಗಳು ಬಂದಾಗ “ಟಂಟಂ! ಟಂಟಂ!” ಎಂದು ರೋಷನಬಿಯ ಬೆನ್ನಿಗೆ ಗುದ್ದಿದರು.

ಆಮೇಲೆ ಕೊನೆಯ ಭಾಗ. ರಾಣಿಯ ನೌಕೆ ಏರಲು ಒಲ್ಲದು. ಡೊಳ್ಳು ನಿಲ್ಲುತ್ತದೆ. ಪರದೆ ಕಪ್ಪಾಗುತ್ತದೆ. ಮೂರು ಸೆಕೆಂಡು ಮೌನ. ಆ ಮೌನವನ್ನು ಇಟ್ಟವನು ನಾನೇ. ಅದರೊಳಗಿಂದ ಹತ್ತನೆಯ ಕೆಮ್ಮು ಎದ್ದಿತು.

ಶೆಡ್ಡಿನಲ್ಲಿ ಇಪ್ಪತ್ತೆರಡು ಜನ ಕೆಮ್ಮುವಾಗ, ಜರಡಿ ಗುಡುಗುವಾಗ ಒಬ್ಬರ ಎದೆಯ ಸದ್ದು ಯಾರ ಕಿವಿಗೂ ಬಿಡಿಯಾಗಿ ಬೀಳುವುದಿಲ್ಲ. ಈಗ ಬಿತ್ತು. ಸುತ್ತಲಿನದನ್ನೆಲ್ಲ ನಾನು ಕಿತ್ತುಹಾಕಿದ್ದೆ. ಕತ್ತಲಲ್ಲಿ ಎರಡು ದೊಡ್ಡ ಸ್ಪೀಕರುಗಳಿಂದ ಅದು ಒಂದೇ ಬಂತು: ತಳದಿಂದ ಎದ್ದಿತು, ಏರಿತು, ಏರಲಾರದೆ ಗೊರಗೊರ ಎಂದಿತು, ನಡುವೆಯೇ ನಿಂತಿತು. ಪರದೆಯ ಮೇಲೆ ಅಕ್ಷರ ಮೂಡಿತು: ‘ಹೂಂ’.

ಎಡಗಡೆ ನಗು ಸಿಡಿಯಿತು. ಗಂಡಸರು ಕುರ್ಚಿಯ ಬೆನ್ನು ಬಡಿದರು. ಬಲಗಡೆಯ ಮೂರು ಸಾಲುಗಳಲ್ಲಿ ಒಂದು ಬಳೆಯ ಸದ್ದೂ ಇರಲಿಲ್ಲ. ಅಲ್ಲಿ ನಗುತ್ತಿದ್ದವರು ರೋಷನಬಿ ಒಬ್ಬರೇ. ಸ್ವಲ್ಪ ಹೊತ್ತಾದ ಮೇಲೆ ಅವರಿಗೂ ತಮ್ಮ ನಗು ಒಂಟಿಯಾಗಿ ಕೇಳಿರಬೇಕು.

“ಯಾಕ್ರೇ, ನಗೂದು ಮರತ್ರೇನು? ನಂದ ಅದು! ನನ್ನ ಟಂಟಂ!”

ಮುದುಕವ್ವ ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಟಂಟಂ ಅಲ್ಲವಾ ರೋಷನಿ.”

“ಮತ್ತೇನು?”

ಹಿಂದಿನ ಸಾಲಿನಿಂದ ಯಾರೋ ಬಹಳ ಮೆತ್ತಗೆ ಅಂದರು: “ಲಾರಿ.”

ಎಡಗಡೆ ಇನ್ನೂ ನಗುತ್ತಿದ್ದರು. ರೋಷನಬಿ ಮಗಳ ಹೊಟ್ಟೆಯ ಮೇಲಿನ ಕೈ ತೆಗೆದರು. ಎದ್ದರು, ಎರಡು ಕುರ್ಚಿ ಬಿಟ್ಟು, ಗೋಡೆಯ ಪಕ್ಕದ ಖಾಲಿ ಕುರ್ಚಿಯಲ್ಲಿ ಸೆರಗನ್ನು ಬಾಯಿಗೆ ಒತ್ತಿ ಕೂತರು. ಜರೀನಾ “ಅಮ್ಮಾ?” ಎಂದಳು. ಅವರು ಬೇಡ ಎಂಬಂತೆ ಕೈ ಮಾಡಿದರು.

ಮನೆಗೆ ಹೋಗಿ ನೋಟ್‌ಬುಕ್ ತೆರೆದೆ. ಹದಿನಾಲ್ಕು, ಒಂಬತ್ತು. ಶೆಡ್ ಮುಚ್ಚಿ ಹದಿನೇಳು ದಿನ. ಧ್ವನಿ ಜಾಸ್ತಿ. ಎಲ್ಲವೂ ನನ್ನದೇ ಅಕ್ಷರದಲ್ಲಿ, ದಿನಾಂಕ ಸಹಿತ.

ಮರುದಿನ ಬೆಳಿಗ್ಗೆ ರೋಷನಬಿ, ದಾದಾಸಾಬ ಮತ್ತು ನಾನು ಹಾವೇರಿಯ ದೊಡ್ಡ ದವಾಖಾನೆಗೆ ಹೋದೆವು. ಚೀಟಿಯ ಸಾಲಿನಲ್ಲಿ ರೋಷನಬಿಗೆ ಕೆಮ್ಮು ಬಂತು. ಮುಂದೆ ನಿಂತಿದ್ದ ಒಬ್ಬ ತಿರುಗಿ ನೋಡಿ, “ಏ, ಈ ಚಾಚಿ ಥೇಟ ಮಂಗಳದ ರಾಣಿಯಂಗ ಕೆಮ್ತಾಳಲೇ!” ಎಂದ. ನಾಲ್ಕೈದು ಜನ ನಕ್ಕರು. ದಾದಾಸಾಬ ಮುಷ್ಟಿ ಬಿಗಿದದ್ದನ್ನು ನೋಡಿ ರೋಷನಬಿ ಅವರ ತೋಳು ಹಿಡಿದರು. “ಬಿಡ್ರಿ. ಅವಂಗೇನ ಗೊತ್ತು.”

ವೈದ್ಯೆಗೆ ಮೂವತ್ತು ದಾಟಿರಲಿಲ್ಲ. ಎಷ್ಟು ದಿನದಿಂದ ಕೆಮ್ಮು ಎಂದು ಕೇಳಿದರು.

“ಬ್ಯಾಡಗಿಯವರ್ರಿ ನಾವು,” ಎಂದರು ದಾದಾಸಾಬ. “ಹುಟ್ಟಿದಾಗಿಂದ ಕೆಮ್ಮಾಕತ್ತೇವಿ.”

ವೈದ್ಯೆ ನಗಲಿಲ್ಲ. “ದೂಳು ಇಲ್ಲದ ದಿನ?”

ನಾನು ನೋಟ್‌ಬುಕ್ಕಿನ ಆ ಪುಟ ತೆಗೆದು ಮೇಜಿನ ಮೇಲಿಟ್ಟೆ. ವೈದ್ಯೆ ಓದಿದರು, ಜುಲೈ ಎಂಬಲ್ಲಿ ಬೆರಳು ನಿಲ್ಲಿಸಿ, “ಇದು ಗೊತ್ತಿದ್ದೂ ಮೂರು ತಿಂಗಳು ಎಲ್ಲಿದ್ರಿ?” ಎಂದು ಕೇಳಿದರು. ಸಿನೆಮಾ ಮಾಡುತ್ತಿದ್ದೆವು.

ಕಫದ ಪರೀಕ್ಷೆಯಲ್ಲಿ ಕ್ಷಯ ಎಂದು ಗೊತ್ತಾಯಿತು. ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಮೇಲ್ಭಾಗ ಮೋಡ ಕವಿದಂತಿತ್ತು. ಆರು ತಿಂಗಳ ಮಾತ್ರೆ, ಒಂದು ದಿನವೂ ತಪ್ಪುವಂತಿಲ್ಲ. ರೋಷನಬಿ ಕೇಳಿದ್ದು ಎರಡೇ ಪ್ರಶ್ನೆ.

“ನನ್ನ ಮಗಳಿಗೆ ಹತ್ತೈತೇನ್ರಿ?”

“ಪರೀಕ್ಷೆ ಮಾಡೋಣ. ಮನೆಯವರಿಗೆಲ್ಲ, ಜೊತೆಗೆ ಕೆಲಸ ಮಾಡೋರಿಗೂ.”

“ಫಕ್ಕೀರವ್ವಗೂ ಇದ ಇತ್ತೇನ್ರಿ?”

ಫಕ್ಕೀರವ್ವ ಯಾರೆಂದು ನಾನು ಹೇಳಿದೆ. ವೈದ್ಯೆ, “ಪರೀಕ್ಷೆ ಆಗದೆ ಹೇಳೋಕೆ ಬರೋದಿಲ್ಲಮ್ಮ” ಎಂದರು.

ಜರೀನಾಗೆ ತಗುಲಿರಲಿಲ್ಲ, ದಾದಾಸಾಬರಿಗೂ ಇಲ್ಲ. ಶೆಡ್ಡಿನ ಉಳಿದ ಇಪ್ಪತ್ತೊಂದು ಹೆಂಗಸರಲ್ಲಿ ಮೂವರಿಗೆ ಇತ್ತು. ಮೂವರೂ ಆ ಮಧ್ಯಾಹ್ನ ಲೂನಾ, ಟಂಟಂ ಎಂದು ನಗುತ್ತ ಬಂದು ಕೂತಿದ್ದವರೇ.

ಸುದ್ದಿ ಕೇಳಿ ಶಶಿಕಾಂತ ಬ್ಯಾಡಗಿಗೆ ಓಡಿ ಬಂದ. ಬಾಗಿಲ ಹೊರಗೆ ನಿಂತು, “ಚಾಚಿ, ಆ ಕೆಮ್ಮು ತಗದ ಬಿಡ್ತೇನಿ. ಎಲ್ಲಾ ಕಡೇನೂ ಅಳಸ್ತೇನಿ” ಎಂದ. ಅವನ ಕಣ್ಣು ತುಂಬಿತ್ತು.

ಒಳಗಿನ ಕೋಣೆಯಲ್ಲಿ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದ ರೋಷನಬಿ ಕೇಳಿದರು, “ತಗದ್ರ ರಾಣಿ ಮೂಕಿ ಆಗ್ತಾಳಲ್ಲೋ?”

“ಆಗ್ಲಿ ಬಿಡ್ರಿ.”

“ಹಾವೇರ್‍ಯಾಗ ಒಬ್ಬಾಕಿ ಎದ್ದ ಹೋದ್ಲಂತ, ಕೆಮ್ಮು ಕೇಳಾಕ ಆಗವಲ್ದು ಅಂತ. ಮಾಸ್ತರ ಹೇಳಿದ್ರು. ಯಾವೂರಾಕಿ ಆಕಿ?”

“ಯಾರಿಗ್ಗೊತ್ರಿ ಚಾಚಿ.”

“ಆಕಿ ಮನ್ಯಾಗ ಯಾರೋ ಕೆಮ್ಮತಿರಬೇಕು. ಇರ್ಲಿ ಅದು. ತಗೀಬ್ಯಾಡ” ಎಂದರು.

ಮೊಮ್ಮಗಳು ಹುಟ್ಟಿದ್ದು ಡಿಸೆಂಬರಿನಲ್ಲಿ. ಅಷ್ಟರಲ್ಲಿ ಮಾತ್ರೆ ಶುರುವಾಗಿ ಎರಡು ತಿಂಗಳಾಗಿತ್ತು. ಮತ್ತೊಮ್ಮೆ ಕಫ ನೋಡಿ, ಇನ್ನು ಹೆದರಿಕೆಯಿಲ್ಲ ಎನ್ನುವವರೆಗೂ ರೋಷನಬಿ ಬಾಣಂತಿಯ ಕೋಣೆಯ ಬಾಗಿಲು ದಾಟಲಿಲ್ಲ. ಹನ್ನೊಂದು ದಿನ ಹೊಸ್ತಿಲ ಹೊರಗೆ ಕೂತು, ತೊಟ್ಟಿಲಿನ ಕಡೆಗೆ ಅದೇ ಸಾಲು ಹಾಡಿದರು. ನಡುವೆ ಒಂದು ಸಲ ಉಸಿರು ತೆಗೆದುಕೊಳ್ಳುತ್ತಿದ್ದರು. ಹನ್ನೆರಡನೆಯ ದಿನ ಒಳಗೆ ಹೋಗಿ ಮಗುವಿನ ಗಲ್ಲ ಮುಟ್ಟಿದರು. ಶೆಡ್ಡಿಗೆ ಹೋಗದೆ ಎರಡು ತಿಂಗಳು ಕಳೆದಿದ್ದರೂ ಮುಟ್ಟಿದ್ದು ಎಡಗೈಯಲ್ಲೇ.

ಮೇ ತಿಂಗಳಲ್ಲಿ ರಾಣೇಬೆನ್ನೂರಿನಲ್ಲಿ ಸಿನೆಮಾ ಮತ್ತೆ ಬಂತು. ಮಾತ್ರೆಗಳು ಮುಗಿದಿದ್ದವು, ಕುಪ್ಪಸ ಮೈಗೆ ಕೂತಿತ್ತು. ಹಾಡಿನ ಸಾಲು ಹನ್ನೊಂದು ಸೆಕೆಂಡಿಗೆ ಬಂದು ನಿಂತಿತ್ತು. ಅದಕ್ಕಿಂತ ಮೇಲೆ ಏರಲಿಲ್ಲ. ರೋಷನಬಿ ನನ್ನ ಜೊತೆ ಬಂದರು, ಆದರೆ ಕೂರಲಿಲ್ಲ. ಪರದೆಯ ಬದಿಯಲ್ಲಿ, ಬಾಗಿಲ ಪರದೆಯ ಮರೆಯಲ್ಲಿ ಜನರ ಕಡೆ ಮುಖ ಮಾಡಿ ನಿಂತರು.

ಡೊಳ್ಳು ನಿಂತಿತು. ಮೂರು ಸೆಕೆಂಡು ಮೌನ. ಹತ್ತನೆಯ ಕೆಮ್ಮು ಎದ್ದು ಟಾಕೀಜನ್ನು ತುಂಬಿತು. ಪರದೆಯ ಮಂದ ಬೆಳಕಿನಲ್ಲಿ ಮುಖಗಳೆಲ್ಲ ಒಟ್ಟಿಗೇ ಬಾಯಿ ತೆರೆದು ನಕ್ಕವು. ರೋಷನಬಿ ಒಂದೊಂದೇ ಸಾಲು ನೋಡುತ್ತ ಹೋದರು, ರಾಶಿಯಿಂದ ಕಾಯಿ ಆರಿಸುವವರ ಹಾಗೆ. ಒಂಬತ್ತನೆಯ ಸಾಲಿಗೆ ಬಂದು ನಿಂತರು. ಅಲ್ಲಿ ಹಸಿರು ಸೀರೆಯ ಒಬ್ಬ ಹುಡುಗಿಯಂಥ ಹೆಂಗಸು ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ಕೂತಿದ್ದಳು. ನಗುತ್ತಿರಲಿಲ್ಲ.

ರೋಷನಬಿ ಕಾಲುಗಳ ನಡುವೆ ದಾರಿ ಮಾಡಿಕೊಂಡು ಹೋಗಿ ಅವಳ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತರು. ನಾನೂ ಬೆನ್ನಿಗೇ ಹೋಗಿ ಹಿಂದಿನ ಸಾಲಿನಲ್ಲಿ ನಿಂತೆ; ಕೇಳಿಸಿತು.

“ತಂಗಿ, ನಿಮ್ಮ ಮನ್ಯಾಗ ಯಾರು ಕೆಮ್ಮತಾರ?”

ಆಕೆ ಬೆಚ್ಚಿ ತಿರುಗಿದಳು. ತನ್ನ ಇನ್ನೊಂದು ಪಕ್ಕದಲ್ಲಿ ಕೂತಿದ್ದ ಗಂಡನ ಕಡೆ ನೋಡಿದಳು. ಇಡೀ ಟಾಕೀಜಿನಲ್ಲಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಅವನೇ. ತೊಡೆ ಬಡಿದುಕೊಂಡು, ತಲೆ ಹಿಂದಕ್ಕೆ ಚೆಲ್ಲಿ ನಗುತ್ತಿದ್ದ. ಸುತ್ತಲಿನವರ ನಗು ನಿಂತ ಮೇಲೂ ಅವನದು ನಿಲ್ಲಲಿಲ್ಲ. ನಗುತ್ತ ನಗುತ್ತಲೇ ಅದು ಕೆಮ್ಮಾಯಿತು, ತಳದಿಂದ ಎದ್ದು ಏರತೊಡಗಿತು.